ಜೈಸಲ್ಮೇರ್ ಬಿಸಿಲಲ್ಲಿ ಬಿಪಿ ಜಾಕೆಟ್: ಒದ್ದೆ ಬನಿಯನ್ನೋ, ಬಕೆಟ್ ನೀರೋ?

ಜೈಸಲ್ಮೇರ್ ಕಡೆಯ ಗಡಿಯಲ್ಲಿ ಎರಡು ಬೇಸಿಗೆ ಕಳೆದಿದ್ದೇನೆ. ಮೇ ತಿಂಗಳಲ್ಲಿ ಅಲ್ಲಿ 45 ಡಿಗ್ರಿ ಅಂದ್ರೆ ಮಾಮೂಲು. ಅದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಆ ಬಿಸಿಲಲ್ಲಿ ಎದೆಗೆ, ಬೆನ್ನಿಗೆ ಹತ್ತು ಕೆಜಿ ಆಸುಪಾಸಿನ ಬಿಪಿ ಜಾಕೆಟ್, ಅಂದ್ರೆ ಒಳಗೆ ಗಟ್ಟಿ ಪ್ಲೇಟಿರುವ ಬುಲೆಟ್ ಪ್ರೂಫ್ ಜಾಕೆಟ್. ತಲೆಗೆ ಎರಡೂವರೆ ಕೆಜಿಯ ಪಟ್ಕಾ, ಅದೂ ಗುಂಡು ತಡೆಯಲು. ಮೈ ತಂಪಾಗಿಡಲು ಜವಾನರಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಹೆಚ್ಚುಕಮ್ಮಿ ಎಲ್ಲವನ್ನೂ ಮಾಡಿ ನೋಡಿದ್ದೇನೆ.

ಹೊಸಬರೆಲ್ಲ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಹತ್ತಿ ಬನಿಯನ್ ಅದ್ದಿ, ಹಿಂಡಿ, ತೊಟ್ಟು, ಮೇಲೆ ಜಾಕೆಟ್ ಬಿಗಿದೆ. ಹತ್ತು ನಿಮಿಷ ಹಾಯಾಗಿತ್ತು. ಆಮೇಲೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಯಿತು. ಗಾಳಿಯೇ ಮೈಗಿಂತ ಬಿಸಿ ಇರುವಾಗ ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಜಾಕೆಟ್ಟಿನ ಪ್ಲೇಟಿನಡಿ ಗಾಳಿಯೇ ಆಡುವುದಿಲ್ಲ, ಇನ್ನು ಆರುವುದೆಲ್ಲಿಂದ? ಹೊರಗೆ ಜೈಸಲ್ಮೇರ್, ಒಳಗೆ ಮಳೆಗೆ ಮುಂಚಿನ ಮಂಗಳೂರು. ಸಂಜೆ ಜಾಕೆಟ್ ಬಿಚ್ಚಿದಾಗ ಭುಜದ ಪಟ್ಟಿ ಕೂತಿದ್ದ ಕಡೆ ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು. ಕಂಕುಳ ಸುತ್ತ ಬೆವರುಸಾಲೆ. ಒಣ ಬನಿಯನ್ನೇ ಎಷ್ಟೋ ವಾಸಿ.

ಜೊತೆಗಾರನೊಬ್ಬ ರಜೆಯಿಂದ ಬರುವಾಗ ಜೆಲ್ ಪ್ಯಾಕ್ ಇಡುವ ವೆಸ್ಟ್ ತಂದಿದ್ದ. ಒಂದು ಗಂಟೆ ಸ್ವರ್ಗ, ನಿಜ. ಜೆಲ್ ಕರಗಿದ ಮೇಲೆ ಅದು ಸುಮ್ನೆ ಹೊರಬೇಕಾದ ಎರಡು ಕೆಜಿ. ಮತ್ತೆ ಗಟ್ಟಿ ಮಾಡಲು ಫ್ರಿಜ್ ಬೇಕು, ಪೋಸ್ಟಿನಲ್ಲಿ ಜನರೇಟರ್ ಓಡುವುದೇ ಲೆಕ್ಕ ಹಾಕಿ.

ಕತ್ತಿಗೆ ಒದ್ದೆ ಟವೆಲ್ ಸುತ್ತುವುದು ಇವೆರಡಕ್ಕಿಂತ ಒಳ್ಳೆಯದು. ಕತ್ತು ಜಾಕೆಟ್ಟಿನ ಹೊರಗಿರುತ್ತದಲ್ವಾ? ಒಣ ಬಿಸಿಗಾಳಿ, ಅಲ್ಲಿಯವರು ಲೂ ಅನ್ನುತ್ತಾರೆ, ಟವೆಲ್ಲನ್ನು ಬೇಗ ಆರಿಸುತ್ತದೆ. ನಮ್ಮನ್ನು ಸುಡುವ ಗಾಳಿಯೇ ಅಲ್ಲಿ ತಂಪು ಕೊಡುತ್ತದೆ. ಕಾಲು ಗಂಟೆಗೊಮ್ಮೆ ಮತ್ತೆ ನೆನೆಸಬೇಕು, ಅದೊಂದೇ ತೊಂದರೆ. ನಡಿಗೆಯ ಗಸ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಕುಡಿಯುವುದರಲ್ಲಿ ಒಂದು ತಪ್ಪು ಮಾಡಿದ್ದೆ. ಬರೀ ನೀರು ಎಷ್ಟು ಕುಡಿದರೆ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ನೀರು ಮಾತ್ರ ತುಂಬಿದರೆ ರಕ್ತದಲ್ಲಿನ ಉಪ್ಪು ತೆಳುವಾಗುತ್ತದೆ. ತಲೆನೋವು, ವಾಕರಿಕೆ ಎರಡೂ ನನಗೆ ಬಂದವು. ಆಮೇಲೆ ಓಆರ್‌ಎಸ್‌ಗೆ, ಸಿಕ್ಕ ದಿನ ಉಪ್ಪು ಹಾಕಿದ ಮಜ್ಜಿಗೆಗೆ ಬದಲಾದೆ. ನನ್ನ ಓಟು ಮಜ್ಜಿಗೆಗೆ. ನೀರು ಇಡಲು ಕ್ಯಾನ್ವಾಸಿನ ಛಾಗಲ್ ಚೀಲ. ಅದು ಜಿನುಗಿ ಜಿನುಗಿ ಒಳಗಿನ ನೀರನ್ನು ತಣ್ಣಗಿಡುತ್ತದೆ. ಪ್ಲಾಸ್ಟಿಕ್ ಬಾಟಲಿಯ ನೀರು ಹತ್ತು ಗಂಟೆಗೇ ಚಹಾಕ್ಕೆ ಇಟ್ಟ ನೀರಿನ ಹಾಗಿರುತ್ತಿತ್ತು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದು ಬಕೆಟ್. ಹಿರಿಯ ಹವಾಲ್ದಾರರೊಬ್ಬರು ಹೇಳಿಕೊಟ್ಟದ್ದು. ಪಹರೆಯಿಂದ ಬಂದವನೇ ಜಾಕೆಟ್ ಬಿಚ್ಚಿ, ನೆರಳಲ್ಲಿ ಒದ್ದೆ ಗೋಣಿ ಸುತ್ತಿಟ್ಟ ಬಕೆಟ್ಟಿನಲ್ಲಿ ಎರಡೂ ಕೈ ಮೊಣಕೈ ತನಕ ಮುಳುಗಿಸಿ ಹತ್ತು ನಿಮಿಷ ಕೂರಬೇಕು. ಅಂಗೈ, ಮುಂಗೈಯಲ್ಲಿ ಚರ್ಮಕ್ಕೆ ಹತ್ತಿರವೇ ರಕ್ತ ಹರಿಯುತ್ತದೆ. ರಕ್ತದ ಶಾಖ ನೀರಿಗೆ ಇಳಿಯುತ್ತದೆ, ತಣಿದ ರಕ್ತ ಮೈಯೊಳಗೆ ಹೋಗುತ್ತದೆ. ಮೊದಲ ಸಲ ಮೂರನೇ ನಿಮಿಷಕ್ಕೆ ಕಿವಿಯಲ್ಲಿನ ಧಗಧಗ ನಿಂತಿತು. ಅಮೆರಿಕದ ಸೇನೆ ತನ್ನ ತರಬೇತಿ ಮೈದಾನಗಳಲ್ಲಿ ಇದಕ್ಕೆ ಅಂತಲೇ ತೊಟ್ಟಿ ಇಡುತ್ತದೆ ಅಂತ ಆಮೇಲೆ ತಿಳಿಯಿತು.

ಆದರೆ ಯಾರಾದರೂ ತಡಬಡಿಸಿ ಮಾತಾಡಿದರೆ, ತೂರಾಡಿದರೆ, ಬಕೆಟ್ಟಿಗೆ ಕೈ ಹಾಕಿಸಿ ಕಾಯಬೇಡಿ. ಅದು ಬಿಸಿಲಾಘಾತ. ಆ ಕ್ಷಣವೇ ಜಾಕೆಟ್ ಕಿತ್ತು, ಮೈಮೇಲೆಲ್ಲ ನೀರು ಸುರಿಯುತ್ತಾ ಡಾಕ್ಟರನ್ನು ಕರೆಸಿ.

ಎರಡನೇ ಬೇಸಿಗೆಯಲ್ಲಿ ನಮ್ಮ ಟೆಂಟಿನ ಬಾಗಿಲಲ್ಲಿ ಎರಡು ಬಕೆಟ್ ಖಾಯಂ ಇದ್ದವು. ಬೆಳಿಗ್ಗೆ ಅವನ್ನು ತುಂಬಿಸುವ ಕೆಲಸ ನಾನೇ ಕೇಳಿ ತಗೊಂಡಿದ್ದೆ.