ಬೆಟ್ಟದ ನೆಲ್ಲಿಕಾಯಿ, ಸಮುದ್ರದ ಉಪ್ಪು: ನಮ್ಮೂರ ಮಕ್ಕಳೊಂದಿಗೆ ‘ತೊತ್ತೋಚಾನ್’

ತೆತ್ಸುಕೊ ಕುರೊಯಾನಾಗಿಯವರು ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ ‘ತೊತ್ತೋಚಾನ್’ ಜಪಾನಿನಲ್ಲಿ ಪ್ರಕಟವಾದದ್ದು 1981ರಲ್ಲಿ. ಕನ್ನಡದಲ್ಲಿ ಅದನ್ನು ನ್ಯಾಷನಲ್ ಬುಕ್ ಟ್ರಸ್ಟ್ ತಂದಿದೆ. ಒಂದನೆಯ ತರಗತಿಯಲ್ಲೇ ಶಾಲೆ ಬಿಡಬೇಕಾಗಿ ಬಂದ ಹುಡುಗಿಯೊಬ್ಬಳು, ಹಳೆಯ ರೈಲು ಡಬ್ಬಿಗಳಲ್ಲಿ ಪಾಠ ನಡೆಯುವ ಟೋಕಿಯೊದ ತೊಮೊಎ ಶಾಲೆಗೆ ಸೇರಿ, ಮೊದಲ ದಿನವೇ ತನ್ನ ಮಾತನ್ನು ನಾಲ್ಕು ಗಂಟೆ ಕೇಳಿಸಿಕೊಂಡ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿಯವರ ಆರೈಕೆಯಲ್ಲಿ ಅರಳಿದ ಕತೆ ಇದು. ನಾನು ಕಂಡಂತೆ ನಮ್ಮಲ್ಲಿ ಇದನ್ನು ಕೊಳ್ಳುವವರು ಹೆಚ್ಚಾಗಿ ಶಿಕ್ಷಕರು. ಪುಸ್ತಕ ಅವರ ಕಪಾಟಿನಲ್ಲೇ ಉಳಿಯಬಾರದೆಂದು ಬೇಸಿಗೆ ರಜೆಯಲ್ಲಿ ಊರಿನ ಎಂಟು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ.

ಮಕ್ಕಳ ಬುತ್ತಿಯಲ್ಲಿ ‘ಕಡಲಿನದೊಂದಿಷ್ಟು, ಬೆಟ್ಟದ್ದೊಂದಿಷ್ಟು’ ಇರಬೇಕೆಂದು ಕೊಬಾಯಾಶಿಯವರು ಕೇಳುತ್ತಾರೆ. ಯಾವುದಾದರೊಂದು ಕಡಿಮೆಯಾದರೆ ಅವರ ಪತ್ನಿ ಎರಡು ಪಾತ್ರೆ ಹಿಡಿದು ಬಂದು ಬಡಿಸುತ್ತಾರೆ. ಮೀನು ತಿನ್ನದ ಮನೆಯ ಮಕ್ಕಳಿಗೆ ಇದು ದೂರವಾದೀತೆಂದು ನಾನು ಅಂಜಿದ್ದೆ. ಆದರೆ ಒಂಬತ್ತರ ಹುಡುಗನೊಬ್ಬ, ನೆಲ್ಲಿಕಾಯಿ ಬೆಟ್ಟದ್ದು, ಉಪ್ಪು ಸಮುದ್ರದ್ದು, ಹಾಗಾದರೆ ಅಜ್ಜಿಯ ಉಪ್ಪಿನಕಾಯಿಯೊಂದೇ ಸಾಕಲ್ಲವೇ ಎಂದು ಕೇಳಿದ. ಮರುದಿನದಿಂದ ಎಲ್ಲರೂ ತಮ್ಮ ತಮ್ಮ ತಟ್ಟೆಯ ಲೆಕ್ಕ ಒಪ್ಪಿಸತೊಡಗಿದರು.

ಮೂಲದ ಹೆಸರಿನಲ್ಲಿ ‘ಕಿಟಕಿ ಬದಿಯ’ ಎಂಬ ವಿಶೇಷಣವಿದೆ. ಆ ಕಾಲದ ಜಪಾನಿನಲ್ಲಿ ಅದು ಕೆಲಸವಿಲ್ಲದೆ ಮೂಲೆಗುಂಪಾದ ನೌಕರರನ್ನು ಕುರಿತ ಮಾತಾಗಿತ್ತು. ಅಂಚಿಗೆ ತಳ್ಳಲ್ಪಟ್ಟ ಹುಡುಗಿಯ ನೋವನ್ನು ಅಲ್ಲಿನ ಓದುಗರು ಹೆಸರಿನಲ್ಲೇ ಕೇಳಿಸಿಕೊಂಡಿರಬೇಕು. ನಮ್ಮ ಮಕ್ಕಳಿಗೋ ಕಿಟಕಿ ಪಕ್ಕವೆಂದರೆ ಬಸ್ಸಿನಲ್ಲಿ ಜಗಳವಾಡಿ ಗಿಟ್ಟಿಸುವ ಸೀಟು, ಆದ್ದರಿಂದ ಅವರಿಗೆ ತೊತ್ತೋಚಾನ್ ಮೊದಲಿನಿಂದಲೂ ಅದೃಷ್ಟವಂತೆ. ಈ ನಷ್ಟ ನನಗೆ ನಿಜವಾಗಿಯೂ ಬೇಸರ ತಂದಿತು. ‘ಚಾನ್’ ಎಂಬುದು ಅಕ್ಕರೆಯ ಮಾತೆಂದು ಮಾತ್ರ ಯಾರಿಗೂ ವಿವರಿಸಬೇಕಾಗಲಿಲ್ಲ. ಮೂರನೆಯ ದಿನಕ್ಕೆ ಗುಂಪಿನ ಚಿಕ್ಕವಳು ‘ಪುಟ್ಟಿಚಾನ್’ ಆಗಿದ್ದಳು.

ಯುದ್ಧ ಈ ಪುಸ್ತಕದಲ್ಲಿ ಬಹಳ ಮೆಲ್ಲಗೆ ಕಾಲಿಡುತ್ತದೆ. ನಿಲ್ದಾಣದ ಕ್ಯಾರಮೆಲ್ ಯಂತ್ರಕ್ಕೆ ಕಾಸು ಹಾಕಿದರೂ ಮಿಠಾಯಿ ಬೀಳುವುದಿಲ್ಲ. ಆ ಕಾಲ ಕಂಡ ಜಪಾನೀಯರಿಗೆ ಅಷ್ಟೇ ಸಾಕು. ನಮ್ಮ ಮಕ್ಕಳು ‘ಮಷಿನ್ ಕೆಟ್ಟಿದೆ’ ಎಂದು ತೀರ್ಮಾನಿಸಿದರು. ವಿವರಿಸಬೇಕೆನಿಸಿದರೂ ನಾನು ಓದುತ್ತಾ ಹೋದೆ, ಇತರರಿಗೂ ಹಾಗೆಯೇ ಮಾಡಲು ಹೇಳುತ್ತೇನೆ. 1945ರ ಬಾಂಬ್ ದಾಳಿಯಲ್ಲಿ ರೈಲು ಡಬ್ಬಿಯ ಶಾಲೆ ಹೊತ್ತಿ ಉರಿಯುವ ಪುಟವನ್ನು ಮುಗಿಸಿದಾಗ ಪುಟ್ಟಿಚಾನ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಮಾ, ಆವತ್ತು ಮಿಠಾಯಿ ಬೀಳದೇ ಇದ್ದದ್ದು ಇದಕ್ಕೇನಾ?’ ಎಂದು ಕೇಳಿದಳು.