ಇನೊಟುಜುಮ್ಯಾಬ್ ಒಜೊಗಮೈಸಿನ್: ಹುಬ್ಬಳ್ಳಿಯಲ್ಲಿ ಕೊಡಿಸಿದ ಚಿಕಿತ್ಸೆಯ ವಿಮರ್ಶೆ

ವಯಸ್ಕರಲ್ಲಿ ಬಿ-ಕೋಶದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಮರುಕಳಿಸಿದಾಗ ಕೀಮೋವನ್ನೇ ಇನ್ನಷ್ಟು ಬಿರುಸಾಗಿ ಕೊಡುವುದು ಬಹುಕಾಲ ವೈದ್ಯರ ಮುಂದಿದ್ದ ಮುಖ್ಯ ದಾರಿಯಾಗಿತ್ತು. ಬೆಸ್ಪೊನ್ಸಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಇನೊಟುಜುಮ್ಯಾಬ್ ಒಜೊಗಮೈಸಿನ್ ಬೇರೆ ದಾರಿ ಹಿಡಿದ ಔಷಧ. ಗದಗಿನ ನಮ್ಮ ಕಾಕಾ ಅವರಿಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಕೊಡಿಸಿದೆವು. ಔಷಧಕ್ಕೆ ನಾನು ಕೊಡುವ ಅಂಕ ಒಂದು, ಅದನ್ನು ಕೊಟ್ಟ ವ್ಯವಸ್ಥೆಗೆ ಕೊಡುವ ಅಂಕ ಇನ್ನೊಂದು.

ಲುಕೇಮಿಯಾ ಕಣಗಳ ಮೈಮೇಲಿರುವ ಸಿಡಿ22 ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯಕ್ಕೆ (ಆಂಟಿಬಾಡಿಗೆ), ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ ಕ್ಯಾಲಿಕಿಯಾಮೈಸಿನ್ ವಿಷವನ್ನು ಜೋಡಿಸಿ ಇದನ್ನು ತಯಾರಿಸುತ್ತಾರೆ. ಪ್ರತಿಕಾಯ ಅಂಟಿಕೊಂಡ ಕೂಡಲೇ ಕಣವು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಆಮ್ಲೀಯ ವಾತಾವರಣದಲ್ಲಿ ಕೊಂಡಿ ಕಳಚಿ, ಬಿಡುಗಡೆಯಾದ ವಿಷ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಬರಿಯ ವಿಷವನ್ನೇ ರಕ್ತಕ್ಕೆ ಬಿಟ್ಟಿದ್ದರೆ ರೋಗಿ ತಾಳಲಾರ. ಇದೇ ವಿಷವನ್ನು ಸಿಡಿ33 ಎಂಬ ಇನ್ನೊಂದು ಪ್ರೋಟೀನಿನ ಕಡೆಗೆ ಒಯ್ಯುವ ಮೈಲೋಟಾರ್ಗ್ ಎಂಬ ಔಷಧ ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದು, 2010ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದು, ಪ್ರಮಾಣ ಬದಲಿಸಿಕೊಂಡು 2017ರಲ್ಲಿ ಮರಳಿತು. ಬೆಸ್ಪೊನ್ಸಾಗೂ ಅದೇ ವರ್ಷ ಅಲ್ಲಿ ಅನುಮತಿ ದೊರೆಯಿತು.

2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಔಷಧ ಪಡೆದವರ ಪೈಕಿ ಶೇ. 80.7 ಮಂದಿಯಲ್ಲಿ ರೋಗ ಹತೋಟಿಗೆ ಬಂದರೆ, ಸಾಮಾನ್ಯ ಕೀಮೋ ಪಡೆದವರಲ್ಲಿ ಆ ಪ್ರಮಾಣ ಶೇ. 29.4 ಮಾತ್ರ. ಆದರೆ ಬದುಕಿದ ಅವಧಿಯ ಮಧ್ಯಾಂಕ ಈ ಔಷಧ ಪಡೆದವರಲ್ಲಿ 7.7 ತಿಂಗಳು, ಕೀಮೋ ಪಡೆದವರಲ್ಲಿ 6.7 ತಿಂಗಳು. ಮೊದಲ ಅಂಕಿಯನ್ನಷ್ಟೇ ಹೇಳಿ ಎರಡನೆಯದನ್ನು ನುಂಗುವ ಸಲಹೆಗಾರರನ್ನು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಅಸ್ಥಿಮಜ್ಜೆ ಕಸಿಗೆ ಹೋಗಬಲ್ಲವರಿಗೆ ಇದು ನಡುವಿನ ಸೇತುವೆ. ಕಸಿಯ ದಾನಿ, ಹಣ, ದೇಹಬಲ ಯಾವುದೂ ಇಲ್ಲದವರು ವೈದ್ಯರೊಡನೆ ಇನ್ನೊಮ್ಮೆ ಕುಳಿತು ಮಾತನಾಡುವುದು ಲೇಸು.

ಊರಿನಿಂದ ಬಂದು ಹೋಗುವವರಿಗೆ ಇದರ ವೇಳಾಪಟ್ಟಿಯೇ ದೊಡ್ಡ ಅನುಕೂಲ. ಒಂದು ಸುತ್ತಿನಲ್ಲಿ ಮೊದಲನೆಯ, ಎಂಟನೆಯ ಮತ್ತು ಹದಿನೈದನೆಯ ದಿನ ತಲಾ ಒಂದು ಗಂಟೆ ಡ್ರಿಪ್ ಹಾಕಿ, ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಕಾದು ನೋಡುತ್ತಾರೆ. ಇದೇ ರೋಗಕ್ಕೆ ಕೊಡುವ ಬ್ಲಿನಾಟುಮೊಮ್ಯಾಬ್ ಆಗಿದ್ದರೆ ಇಪ್ಪತ್ತೆಂಟು ದಿನ ಹಗಲಿರುಳು ಪಂಪಿಗೆ ಕಟ್ಟಿಕೊಂಡಿರಬೇಕಿತ್ತು. ಕಾಕಾ ಬೆಳಗಿನ ಗಾಡಿಗೆ ಗದಗ ಬಿಟ್ಟು ಸಂಜೆಯೊಳಗೆ ಮನೆ ಸೇರುತ್ತಿದ್ದರು.

ಡೇ ಕೇರ್ ವಿಭಾಗದ ಸಿಸ್ಟರ್‌ಗಳ ಕೆಲಸದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಸ್ಟಿರಾಯ್ಡ್, ಜ್ವರದ ಮಾತ್ರೆ, ಅಲರ್ಜಿ ತಡೆಯುವ ಚುಚ್ಚುಮದ್ದು ಮೊದಲು. ಬೆಳಕು ತಾಗದಂತೆ ಮುಚ್ಚಿದ ಔಷಧದ ಚೀಲ ಆಮೇಲೆ. ಪ್ರತಿ ಡೋಸಿಗೆ ಮುನ್ನ ಲಿವರಿನ ಸ್ಥಿತಿ ತಿಳಿಸುವ ಬಿಲಿರುಬಿನ್ ಮತ್ತು ಪ್ಲೇಟ್‌ಲೆಟ್ ವರದಿ ನೋಡದೆ ಅವರು ಸೂಜಿ ಮುಟ್ಟಲಿಲ್ಲ. "ಕಾಕಾರ, ಹೊಟ್ಟಿ ಉಬ್ಬಿದ್ರ, ತೂಕ ಏರಿದ್ರ ಮುಂದಿನ ಸರ್ತಿಗೆ ಕಾಯಬ್ಯಾಡ್ರಿ" ಎಂದು ಒಬ್ಬ ಸಿಸ್ಟರ್ ಹೇಳಿದ ಮಾತಿನಲ್ಲಿ ಈ ಔಷಧದ ಅತಿ ದೊಡ್ಡ ಅಪಾಯವೇ ಅಡಗಿತ್ತು: ಲಿವರಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುವ ತೊಂದರೆ. ಕಸಿ ಮಾಡಿಸಿಕೊಂಡವರಲ್ಲಿ ಇದು ಹೆಚ್ಚು. ಹಾಗಾಗಿಯೇ ಕಸಿಗೆ ಹೋಗುವವರಿಗೆ ಸಾಮಾನ್ಯವಾಗಿ ಎರಡೇ ಸುತ್ತು ಕೊಡುತ್ತಾರೆ.

ಇಷ್ಟು ಮುಖ್ಯವಾದ ಸಂಗತಿ ನಾವು ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ ಇಂಗ್ಲಿಷಿನ ಒಂದೇ ಸಾಲಾಗಿತ್ತು. ಕನ್ನಡದಲ್ಲಿ ಒಂದು ಹಾಳೆಯೂ ಇರಲಿಲ್ಲ. ರಾತ್ರಿ ಜ್ವರ ಬಂದಾಗ ಕರೆ ಮಾಡಲು ಕೊಟ್ಟ ಸಂಖ್ಯೆಯಲ್ಲಿ ಉತ್ತರಿಸಿದವರಿಗೆ ಔಷಧದ ಹೆಸರೂ ಗೊತ್ತಿರಲಿಲ್ಲ. ಲಕ್ಷಗಟ್ಟಲೆ ಬಿಲ್ ಮಾಡುವ ಸಂಸ್ಥೆಯಲ್ಲಿ ಇದನ್ನು ಸಣ್ಣ ಲೋಪವೆಂದು ನಾನು ಒಪ್ಪುವುದಿಲ್ಲ.

ಔಷಧಕ್ಕೆ ಐದರಲ್ಲಿ ನಾಲ್ಕು, ಡೇ ಕೇರ್ ವಿಭಾಗಕ್ಕೆ ಐದು, ರಾತ್ರಿಯ ವ್ಯವಸ್ಥೆಗೆ ಒಂದು. ಗದಗ, ಹಾವೇರಿ ಕಡೆಯಿಂದ ಬರುವವರು ಹಣ ಕಟ್ಟುವ ಮುನ್ನ ಕಣಗಳ ಮೈಮೇಲಿನ ಪ್ರೋಟೀನುಗಳನ್ನು ಪತ್ತೆ ಮಾಡುವ ಫ್ಲೋ ಸೈಟೊಮೆಟ್ರಿ ಪರೀಕ್ಷೆಯ ವರದಿಯಲ್ಲಿ ಸಿಡಿ22 ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಮತ್ತು ರಾತ್ರಿ ಕರೆ ಮಾಡಬಹುದಾದ ವೈದ್ಯರ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಬೇಕು.