ಬೀಟಲ್‌ಗೆ ಹಳೇ ಬೆಲ್ಟೋ, ರೀಲ್ ಬೆಲ್ಟೋ?

1970ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ರೆಡಿ ಮಾಡಿಸುವಾಗ ಸೀಟ್ ಬೆಲ್ಟ್ ವಿಷಯದಲ್ಲಿ ಮನೆಯಲ್ಲೇ ಎರಡು ಪಕ್ಷ. ಕಾರಿನ ಜೊತೆ ಬಂದಿದ್ದೇ ಇರಲಿ ಅಂತ ನಾನು. ತಾನೇ ಸುತ್ತಿಕೊಳ್ಳುವ ಈಗಿನ ರೀಲ್ ಬೆಲ್ಟ್ ಹಾಕಿಸಿ ಅಂತ ಹೆಂಡತಿ. ಕೊನೆಗೆ ಎರಡೂ ಥರ ಓಡಿಸಿ ನೋಡಿದೆವು. ನಮ್ಮ ಓಡಾಟ ಗೋವಾದ ಫೋಂಡಾದಿಂದ ಸಾಂಖಳಿ, ಚೋರ್ಲಾ ಘಾಟ್, ಜಾಂಬೋಟಿ ಮೇಲೆ ಬೆಳಗಾವಿಗೆ.

ಹಳೇದರ ವಿನ್ಯಾಸದಲ್ಲಿ ತಪ್ಪಿಲ್ಲ. ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಮೂರು ಬಿಂದುವಿನ ಬೆಲ್ಟನ್ನು ವೋಲ್ವೋದ ನೀಲ್ಸ್ ಬೋಲಿನ್ 1959ರಲ್ಲೇ ತಂದರು. ಈಗಿನ ಕಾರುಗಳಲ್ಲೂ ಇರುವುದು ಅದೇ ಲೆಕ್ಕ. ನಮ್ಮ ಹಳೇ ಬೆಲ್ಟ್‌ಗೆ ರೀಲ್ ಇಲ್ಲ ಅಷ್ಟೇ, ಉದ್ದವನ್ನು ಕೈಯಲ್ಲೇ ಎಳೆದು ಸರಿ ಮಾಡಬೇಕು. ಆದರೆ ಅದರ ಪಟ್ಟಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಗಟ್ಟಿಯಾಗಿತ್ತು, ಅಂಚಿನಲ್ಲಿ ನೂಲು ಬಿಟ್ಟಿತ್ತು. ಅಂಥದ್ದನ್ನು ನಂಬಿ ಘಾಟ್ ಹತ್ತಬಾರದು. ಸೀಟ್ ಕವರ್ ಹೊಲಿಯುವವರ ಹತ್ತಿರ ಪಟ್ಟಿ ಬದಲಾಯಿಸುವುದೂ ಬೇಡ. ಬೆಲ್ಟಿನ ಹೊಲಿಗೆ ತಡೆಯಬೇಕಾದ ಎಳೆತವೇ ಬೇರೆ. ಹಾಗಾಗಿ ಅದೇ ಮಾದರಿಯ, ರೀಲ್ ಇಲ್ಲದ ಹೊಸ ಬೆಲ್ಟ್ ತರಿಸಿ ಪರೀಕ್ಷೆ ಮಾಡಿದೆವು.

ನೋಡೋಕೆ ತುಂಬಾ ಚಂದ. ಬಿಗಿಯಾಗಿ ಕಟ್ಟಿಕೊಂಡರೆ ತಿರುವುಗಳಲ್ಲಿ ಮೈಯನ್ನು ಅಲ್ಲಾಡದಂತೆ ಹಿಡಿಯುತ್ತದೆ, ಅದು ನನಗೆ ನಿಜವಾಗಿ ಇಷ್ಟವಾಯಿತು. ತೊಂದರೆ ಶುರುವಾಗುವುದು ಮಳೆಯಲ್ಲಿ. ಚೋರ್ಲಾದ ಮಂಜಿನಲ್ಲಿ ಬೀಟಲ್‌ನ ಗಾಜು ಒಳಗಡೆಯಿಂದ ಮಸುಕಾಗುತ್ತದೆ. ಹೀಟರಿನ ಗಾಳಿ ಸಾಲುವುದಿಲ್ಲ, ಬಟ್ಟೆ ಹಿಡಿದು ಮುಂದೆ ಬಾಗಿ ಒರೆಸಬೇಕು. ಬಿಗಿ ಬೆಲ್ಟ್ ಬಾಗಲು ಬಿಡುವುದಿಲ್ಲ. ಆಗ ಕೈ ತಾನಾಗಿ ಬೆಲ್ಟನ್ನು ಸಡಿಲ ಮಾಡುತ್ತದೆ, ಆಮೇಲೆ ಬಿಗಿ ಮಾಡಲು ಮರೆಯುತ್ತದೆ. ನನ್ನ ಅಳತೆಗೆ ಇಟ್ಟ ಬೆಲ್ಟ್ ಹೆಂಡತಿಗೆ ಜೋತಾಡುತ್ತಿತ್ತು. ಸಡಿಲ ಬೆಲ್ಟ್ ಅಂದ್ರೆ ಡಿಕ್ಕಿಯಾದಾಗ ಮೈ ಅಷ್ಟು ದೂರ ಮುಂದಕ್ಕೆ ಹೋಗಿ ಆಮೇಲೆ ನಿಲ್ಲುವುದು. ಏರ್‌ಬ್ಯಾಗ್ ಇಲ್ಲದ ಕಾರಿನಲ್ಲಿ ಎದುರಿಗಿರುವುದು ಸ್ಟೀರಿಂಗ್ ಅಲ್ವಾ?

ರೀಲ್ ಬೆಲ್ಟ್ ಗೆದ್ದಿದ್ದು ಇಲ್ಲೇ. ನಿಧಾನ ಬಾಗಿದರೆ ಬಿಡುತ್ತದೆ, ಹಿಂದೆ ಕೂತರೆ ತಾನೇ ಸುತ್ತಿಕೊಂಡು ಮೈಗೆ ಅಂಟುತ್ತದೆ. ಯಾರು ಕೂತರೂ ಅಳತೆಯ ಚಿಂತೆ ಇಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಅಥವಾ ಪಟ್ಟಿ ಸರಕ್ಕನೆ ಎಳೆದರೆ ಲಾಕ್ ಆಗುತ್ತದೆ.

ಆದರೆ ಕೂರಿಸುವುದು ಸೂಕ್ಷ್ಮ ಕೆಲಸ. ಕಾರಿನ ವೇಗ ಥಟ್ಟನೆ ಇಳಿದದ್ದನ್ನು ಗುರುತಿಸಲು ರೀಲ್ ಒಳಗೆ ಒಂದು ಗುಂಡು ಅಥವಾ ಲೋಲಕ ಇರುತ್ತದೆ. ರೀಲ್ ಓರೆಯಾದರೆ ನಿಂತ ಕಾರಿನಲ್ಲೇ ಲಾಕ್ ಆಗಿ ಕೂರುತ್ತದೆ. ನಿಮ್ಮ ಕಾರಿನ ಬಾಗಿಲ ಹಿಂದಿನ ಕಂಬದ ಓರೆಗೆ ಹೊಂದುವ, ಕೋನ ಸರಿಮಾಡಬಹುದಾದ ರೀಲನ್ನೇ ಕೇಳಿ ತನ್ನಿ. ವೃತ್ತದೊಳಗೆ ಇಂಗ್ಲಿಷಿನ E ಅಕ್ಷರ ಮತ್ತು ಅಂಕಿ ಇರುವ ಸುರಕ್ಷತಾ ಮಾನ್ಯತೆಯ ಮುದ್ರೆ ಪಟ್ಟಿಯ ಚೀಟಿಯ ಮೇಲೆ ಇದೆಯಾ ನೋಡಿ. ಗುಜರಿಯಿಂದ ಮಾತ್ರ ಖಂಡಿತ ಬೇಡ. ಒಮ್ಮೆ ಅಪಘಾತದಲ್ಲಿ ಎಳೆತ ತಿಂದ ಪಟ್ಟಿ ಹಿಗ್ಗಿರುತ್ತದೆ. ಹೊಸ ಕಾರುಗಳ ಕೆಲವು ಬೆಲ್ಟ್‌ಗಳು ಏರ್‌ಬ್ಯಾಗ್ ಜೊತೆ ಕೆಲಸ ಮಾಡಲೆಂದೇ ಸ್ವಲ್ಪ ಬಿಟ್ಟುಕೊಡುತ್ತವೆ. ಅವು ನಮ್ಮ ಕಾರಿಗೆ ಸಲ್ಲುವುದಿಲ್ಲ.

ಒರಿಜಿನಲ್ ಉಳಿಯಬೇಕು ಅನ್ನುವವರ ಮಾತಿಗೂ ತೂಕ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬೇಕಾದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಾವು ಹೊಸ ತೂತು ಕೊರೆಯಲಿಲ್ಲ. ಬೀಟಲ್‌ನಲ್ಲಿ ಮೊದಲೇ ಇರುವ ಜಾಗಕ್ಕೆ 7/16 ಇಂಚಿನ ಬೋಲ್ಟ್ ಸಲೀಸಾಗಿ ಕೂರುತ್ತದೆ. ಪ್ರದರ್ಶನಕ್ಕೆ ಒಯ್ಯುವಾಗ ಹಳೇ ಬೆಲ್ಟನ್ನು ಮತ್ತೆ ಅಲ್ಲೇ ಹಾಕಬಹುದು. ವರ್ಷಕ್ಕೊಮ್ಮೆ ಲಾರಿ ಮೇಲೆ ಪ್ರದರ್ಶನಕ್ಕೆ ಹೋಗುವ ಕಾರಾದರೆ ನಾನೂ ಹಳೇದನ್ನೇ ಬಿಡುತ್ತಿದ್ದೆ.

ಯಾವುದನ್ನೇ ಹಾಕಿ, ಮೊದಲು ನೆಲದ ತಗಡು ನೋಡಿ. ಗೋವಾದ ಹವೆಗೆ ಬೀಟಲ್‌ನ ಬಾಗಿಲ ಕೆಳಗಿನ ಹೀಟರ್ ಚಾನೆಲ್ (ಬಿಸಿಗಾಳಿ ಹರಿಯುವ ಕೊಳವೆ) ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮ್ಯಾಟ್ ಎತ್ತಿ, ಬೋಲ್ಟ್ ಸುತ್ತ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬೆಲ್ಟ್ ತರುವ ಮೊದಲು ವೆಲ್ಡಿಂಗ್ ಮಾಡಿಸಿ.